ಆದರೂ ಮೇಷ್ಟ್ರ ಬಲಗಾಲು

ಅವನ ಬಲಗಾಲು ಅವನ ಮಾತು ಕೇಳುತ್ತಿರಲಿಲ್ಲ. ಬಸ್ಸಿನಲ್ಲಿ ಕೂತಿರಲಿ, ಟ್ಯಾಕ್ಸಿಯಲ್ಲಿ ಕೂತಿರಲಿ, ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿರಲಿ, ಎದುರಿನಿಂದ ಏನೋ ಒಂದು ತನ್ನತ್ತ ಬರುತ್ತಿದೆ ಅನ್ನಿಸಿದ ಕೂಡಲೇ ಆ ಕಾಲು ತಾನಾಗಿ ಮುಂದಕ್ಕೆ ಚಾಚಿ, ನೆಲದಲ್ಲಿ ಎಲ್ಲೂ ಇಲ್ಲದ ಬ್ರೇಕೊಂದನ್ನು ಹುಡುಕಿ ಒತ್ತುತ್ತಿತ್ತು. ಸಿನಿಮಾ ಮಂದಿರದ ತೆರೆಯ ಮೇಲೆ ರೈಲು ನುಗ್ಗಿ ಬಂದಾಗ ಮುಂದಿನ ಸಾಲಿನ ಹೆಂಗಸಿನ ಕುರ್ಚಿಗೆ ಒದ್ದು ಬೈಸಿಕೊಂಡದ್ದುಂಟು. ಲಿಫ್ಟು ಕೆಳಗಿಳಿಯುವಾಗ ಒತ್ತಿದ್ದುಂಟು. ಮದುವೆಗೆ ಮುಂಚೆ, ಮುಂದೆ ಅವನ ಹೆಂಡತಿಯಾದವಳು ಹೋಟೆಲಿನ ಮೇಜಿನಾಚೆಯಿಂದ "ಹಾಗಾದ್ರೆ ಮುಂದುವರಿಯೋಣ್ವಾ?" ಎಂದು ಕೇಳಿದಾಗಲೂ ಆ ಕಾಲು ಮೇಜಿನ ಕೆಳಗೆ ಭದ್ರವಾಗಿ ಊರಿತ್ತಂತೆ. ಅವಳು ಅದನ್ನು ನೋಡಿಯೂ ಮುಂದುವರಿದಳು, ಅದು ಅವಳ ದೊಡ್ಡತನ.

ಇಂಥ ಮನುಷ್ಯ ತನ್ನ ಆಯುಷ್ಯವನ್ನೆಲ್ಲ ತೇದದ್ದು ಚಾಲಕನಿಲ್ಲದೆ ತಾವೇ ಓಡುವ ಯಂತ್ರಗಳನ್ನು ಕಟ್ಟುವುದರಲ್ಲಿ. ವಿಧಿಗೂ ಒಂದಿಷ್ಟು ಹಾಸ್ಯಪ್ರಜ್ಞೆ ಇದೆಯೆಂದು ಒಪ್ಪದೆ ಬೇರೆ ದಾರಿಯಿಲ್ಲ. ವಿದ್ವತ್ಸಭೆಗಳಲ್ಲಿ ಅವರು ರೋಬಾಟು ಶಾಸ್ತ್ರದ ಹಿರಿಯ ಸಂಶೋಧಕರು. ವಿಶ್ವವಿದ್ಯಾಲಯದ ಓಣಿಗಳಲ್ಲಿ "ಆದರೂ ಮೇಷ್ಟ್ರು". ಒಡಹುಟ್ಟಿದ ಅಕ್ಕನಿಗೆ ಮಾತ್ರ ಬರೀ "ಅವನು". ಈ ಚಿತ್ರವನ್ನು ಅಕ್ಕನ ಪಕ್ಕದ ಸೀಟಿನಲ್ಲಿ ಕೂತವರಂತೆ ಬರೆಯುತ್ತಿರುವುದರಿಂದ ನಮಗೂ ಅವನು "ಅವನೇ". ದೊಡ್ಡವರು ಕ್ಷಮಿಸಬೇಕು.

ಅಡ್ಡಹೆಸರಿನ ಮೂಲ ಗಹನವಾದದ್ದೇನಲ್ಲ. ಅವನ ಬಾಯಿಂದ "ಸರಿ" ಎಂಬ ಪದ ಹೊರಟದ್ದನ್ನು ಯಾರೂ ಕೇಳಿರಲಿಲ್ಲ. ವಿದ್ಯಾರ್ಥಿಯೊಬ್ಬ ವರ್ಷಗಟ್ಟಲೆ ನಿದ್ದೆಗೆಟ್ಟು ಮಾಡಿದ ಯಂತ್ರ ಎದುರಿಗೆ ಒಂದು ತಪ್ಪೂ ಇಲ್ಲದೆ ನಡೆದು ತೋರಿಸಿದಾಗ, ಸುತ್ತಲಿದ್ದವರೆಲ್ಲ ಚಪ್ಪಾಳೆ ತಟ್ಟುತ್ತಿರುವಾಗ, ಅವನು ಗಲ್ಲ ಕೆರೆದುಕೊಂಡು, ಕಿಟಕಿಯಾಚೆ ನೋಡಿ, "ಆದರೂ…" ಎನ್ನುತ್ತಿದ್ದ. ಆ ಪದದ ಕೊನೆಯ ದೀರ್ಘವನ್ನು ಅವನು ಎಳೆಯುವ ಉದ್ದದ ಮೇಲೆ ಇನ್ನೆಷ್ಟು ತಿಂಗಳ ಕೆಲಸ ಬಾಕಿ ಎಂಬುದನ್ನು ವಿದ್ಯಾರ್ಥಿಗಳು ಲೆಕ್ಕ ಹಾಕಿಕೊಳ್ಳುತ್ತಿದ್ದರು. ಒಮ್ಮೆ ಪರದೇಶದ ಸಮ್ಮೇಳನವೊಂದರಲ್ಲಿ ತನ್ನದೇ ಪ್ರಬಂಧವನ್ನು ಓದಿ ಮುಗಿಸಿ, ಪ್ರಶ್ನೆಗಳಿಗೆ ಅವಕಾಶ ಎಂದಾಗ ಯಾರೂ ಏಳದಿದ್ದುದನ್ನು ಕಂಡು ತಾನೇ "ಆದರೂ…" ಎಂದು ಶುರುಮಾಡಿ, ಆ ಪ್ರಬಂಧದ ಹುರುಳನ್ನೆಲ್ಲ ತಾನೇ ಬಿಡಿಸಿ ಚೆಲ್ಲಿ ವೇದಿಕೆ ಇಳಿದು ಬಂದಿದ್ದ. ಸಭಾಧ್ಯಕ್ಷರು ಅಭಿನಂದಿಸಬೇಕೋ ಸಾಂತ್ವನ ಹೇಳಬೇಕೋ ತಿಳಿಯದೆ ಕೈ ಹಿಡಿದು ನಿಂತಿದ್ದರಂತೆ.

ಅಕ್ಕ ಅವನನ್ನು ಬಹಳ ಕಾಲದಿಂದ ಕಿವಿಯಿಂದಲೇ ಗುರುತಿಸುತ್ತಿದ್ದಳು. ನಾಲ್ಕು ಹೆಜ್ಜೆ ದಾಪುಗಾಲು, ಆಮೇಲೆ ಏನೋ ನೆನಪಾದವನಂತೆ ಅರ್ಧ ಹೆಜ್ಜೆಯ ತಡೆ, ಮತ್ತೆ ದಾಪುಗಾಲು. ಇದರ ಜೊತೆಗೆ ಆ ಕೋಟಿನ ಗಲಗಲ. ಮಾಸಿದ ಕಂದುಬಣ್ಣದ ಆ ಕೋಟಿನ ಜೇಬುಗಳಲ್ಲಿ ಸದಾ ಮೊಳೆ, ತಿರುಪು, ವಾಷರು, ಯಾವುದೋ ಯಂತ್ರದಿಂದ ಕಳಚಿ ಮರಳಿ ಹಾಕಲು ಮರೆತ ಚೂರುಗಳು. ಹೆಂಡತಿ ಒಗೆಯಲು ಹಾಕುವ ಮುನ್ನ ಜೇಬು ಬಗ್ಗಿಸಿದರೆ ಒಂದು ಸಣ್ಣ ಗ್ಯಾರೇಜು ತೆರೆಯಬಹುದಿತ್ತು. ಕೂತು ಉಂಡದ್ದು ಅಪರೂಪ. ತಟ್ಟೆಯನ್ನು ಕೈಯಲ್ಲಿ ಹಿಡಿದು ಅಡುಗೆಮನೆಗೂ ಬಾಗಿಲಿಗೂ ಬಾಲ ಸುಟ್ಟ ಬೆಕ್ಕಿನಂತೆ ಓಡಾಡುತ್ತಾ ನುಂಗುತ್ತಿದ್ದ. "ಕೂತ್ಕೊಂಡು ತಿನ್ನೋ, ಹೊಟ್ಟೆಗೆ ವಿಳಾಸ ಸಿಗ್ಲಿ" ಎಂದು ಅಕ್ಕ ಗದರಿದರೆ ಕೂರುತ್ತಿದ್ದ, ಮರುಕ್ಷಣ ಎದ್ದಿರುತ್ತಿದ್ದ.

ಅಕ್ಕನಾದರೂ ಸಾಮಾನ್ಯಳಲ್ಲ. ಆ ಊರಿನ ಅರ್ಧ ಜನಕ್ಕೆ ವಾಹನ ಓಡಿಸಲು ಕಲಿಸಿದ ಡ್ರೈವಿಂಗ್ ಶಾಲೆ ಅವಳದು. ಕಲಿಸುವ ಕಾರುಗಳಲ್ಲಿ ಕಲಿಯುವವನ ಕಾಲ ಬಳಿ ಇರುವಂತೆಯೇ ಪಕ್ಕದಲ್ಲಿ ಕೂರುವ ಗುರುವಿನ ಕಾಲ ಬಳಿಯೂ ಒಂದು ಬ್ರೇಕು ಇರುತ್ತದೆ. ಅಕ್ಕ ಅದನ್ನು ಬಳಸುತ್ತಿದ್ದದ್ದು ತೀರಾ ಕಡಿಮೆ. "ಈ ಬ್ರೇಕ್ ಇರೋದು ಒತ್ತೋಕಲ್ಲ, ಒತ್ತಬಹುದು ಅನ್ನೋ ಧೈರ್ಯಕ್ಕೆ" ಎಂದು ಹೇಳಿ, ಕಿಟಕಿಯ ಮೇಲೆ ಮೊಣಕೈಯೂರಿ, ಹಾಡು ಗುನುಗುತ್ತಾ ಎಂಥ ಹೆದರುಪುಕ್ಕಲರನ್ನೂ ಸಂತೆಯ ನಡುವೆ ಓಡಿಸಿಬಿಡುತ್ತಿದ್ದಳು. ತಮ್ಮನೂ ಕಲಿತದ್ದು ಅದೇ ಕಾರಿನಲ್ಲಿ. ಅವನು ಕಾಲೇಜಿನಲ್ಲಿದ್ದಾಗ ಅಕ್ಕನಿಗೆ ಜ್ವರ ಬಂದರೆ ಅವಳ ಬದಲು ಪಾಠಕ್ಕೂ ಹೋಗುತ್ತಿದ್ದ, ಆ ಎರಡನೆಯ ಪೆಡಲಿನ ರುಚಿ ಹತ್ತಿದ್ದು ಆಗಲೇ. ಅವನ ಕೈಕೆಳಗೆ ಕಲಿಯಲು ಬಂದವರು ಒಂದು ಫರ್ಲಾಂಗು ದಾಟುವುದರೊಳಗೆ ಬೆವರಿ ಇಳಿಯುತ್ತಿದ್ದರು. ಎದುರಿಗೆ ಕಾಗೆ ಹಾರಿದರೂ ಇವನ ಕಾಲು ಒತ್ತಿರುತ್ತಿತ್ತು.

ಅದರಲ್ಲೂ ಅವನ ಒತ್ತುವ ರೀತಿಯೇ ಬೇರೆ. ಮೊದಲು ಮೆಲ್ಲಗೆ ಮುಟ್ಟುವುದು, ಮನಸ್ಸು ಬದಲಿಸಿದವನಂತೆ ಬಿಡುವುದು, ಆಮೇಲೆ ಒಮ್ಮೆಗೇ ಒತ್ತುವುದು. ಅಕ್ಕ ತಲೆ ಚಚ್ಚಿಕೊಳ್ಳುತ್ತಿದ್ದಳು. "ಅದೇನೋ ಅದು, ಬಾಗಿಲು ತಟ್ಟಿ ಒಳಗೆ ಬರೋ ಥರ ಬ್ರೇಕ್ ಹಾಕ್ತೀಯ? ಹಾಕೋದಾದ್ರೆ ಹಾಕು, ಬಿಡೋದಾದ್ರೆ ಬಿಡು!" ಸಾವಿರ ಜನರ ದುರಭ್ಯಾಸ ಬಿಡಿಸಿದವಳಿಗೆ ಈ ಒಬ್ಬನದು ಬಿಡಿಸಲಾಗಲಿಲ್ಲ.

ಅವನ ಯಂತ್ರಗಳಿಗೂ ಸಭ್ಯತೆ ಸ್ವಲ್ಪ ಹೆಚ್ಚೇ. ಮೊತ್ತಮೊದಲು ಅವನು ಕಟ್ಟಿದ್ದು ಆಸ್ಪತ್ರೆಯೊಂದಕ್ಕೆ, ವಾರ್ಡಿನಿಂದ ವಾರ್ಡಿಗೆ ಬಟ್ಟೆ ಔಷಧಿ ಹೊತ್ತು ತಾನೇ ಓಡಾಡುವ ಒಂದು ಗಾಡಿ. ಎದುರಿಗೆ ಯಾರಾದರೂ ಬಂದರೆ ನಿಂತು, ಅವರು ಸರಿದ ಮೇಲೆ ಹೋಗಬೇಕೆಂದು ಅದಕ್ಕೆ ಕಲಿಸಿದ್ದ. ಹೊಸ ಲಿಫ್ಟಿನ ಬಾಗಿಲಿಗೆ ಕನ್ನಡಿಯಂಥ ಹೊಳೆಯುವ ಉಕ್ಕು ಹಾಕಿದ ದಿನ ಆ ಗಾಡಿ ಅಲ್ಲಿ ತನ್ನ ಪ್ರತಿಬಿಂಬವನ್ನೇ ಕಂಡು, ಆಚೆಯವರು ಮೊದಲು ಹೋಗಲಿ ಎಂದು ನಿಂತಿತು. ಆಚೆಯವರೂ ಹಾಗೇ ನಿಂತರು. ನರ್ಸುಗಳು ಔಷಧಿಗಾಗಿ ಕೂಗುತ್ತಿದ್ದರೆ ಇವನು ಗೋಡೆಗೊರಗಿ ಆ ಇಬ್ಬರು ಮರ್ಯಾದಸ್ಥರನ್ನು ತನ್ಮಯನಾಗಿ ನೋಡುತ್ತಿದ್ದನಂತೆ. ಸಂಜೆ ಅಕ್ಕನಿಗೆ ಅದನ್ನು ವರ್ಣಿಸುವಾಗ ಅವನ ದನಿಯಲ್ಲಿ ನಾಚಿಕೆಯ ಸುಳಿವೇ ಇರಲಿಲ್ಲ. "ತಪ್ಪೇನೋ ಮಾಡ್ತು ಅಕ್ಕಾ, ಆದರೂ… ಯಾರಿಗೂ ಡಿಕ್ಕಿ ಹೊಡೀಲಿಲ್ಲ ನೋಡು." ಅಕ್ಕ ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದಳು.

ಆಸ್ಪತ್ರೆಯಿಂದ ಬಂದರಿಗೆ, ಬಂದರಿನಿಂದ ಗಣಿಗೆ, ಗಣಿಯಿಂದ ವಿಶ್ವವಿದ್ಯಾಲಯಕ್ಕೆ, ಕಾಲಿಗೆ ಚಕ್ರ ಕಟ್ಟಿಕೊಂಡವನಂತೆ ಅವನು ಕೆಲಸದಿಂದ ಕೆಲಸಕ್ಕೆ ಉರುಳಿದ. ಬಂದರಿನಲ್ಲಿ ಪೆಟ್ಟಿಗೆ ಎತ್ತುವ ಯಂತ್ರಬಾಹು, ಗಣಿಯ ಕತ್ತಲಲ್ಲಿ ತಡಕುತ್ತಾ ಸಾಗುವ ಲಾರಿ. ಎಲ್ಲೆಲ್ಲೂ ಒಂದೇ ಕಥೆ: ಧಣಿಗಳು "ಸಾಕು, ಚೆನ್ನಾಗಿದೆ" ಎಂದ ದಿನ ಇವನು "ಆದರೂ…" ಎಂದು ಎದ್ದು ಬರುತ್ತಿದ್ದ. ಜೊತೆಗೆ ಕಲಿತವರು ಕಂಪನಿ ಕಟ್ಟಿ, ಮಹಡಿ ಕಟ್ಟಿ, ಫೋಟೋಗಳಲ್ಲಿ ಕೈಕಟ್ಟಿ ನಿಂತರು. ಇವನಿಗೆ ಅಸೂಯೆಯೇನೂ ಇರಲಿಲ್ಲ, ನೆಮ್ಮದಿಯೂ ಇರಲಿಲ್ಲ. ಯಂತ್ರವೆಂಬುದು ಎಲ್ಲೋ ಒಂದು ಕಡೆ, ಯಾರೂ ನೋಡದಿರುವಾಗ, ಯಾರಿಗೋ ಏನೋ ಮಾಡಿಬಿಡುತ್ತದೆ ಎಂಬ ಭಯ ಅವನ ಪಕ್ಕೆಯಲ್ಲಿ ಮುಳ್ಳಿನಂತೆ ಇದ್ದೇ ಇತ್ತು.

ಹೀಗಿರುವಾಗ ಅಕ್ಕನ ಕಣ್ಣು ಕೈಕೊಟ್ಟಿತು. ಅಂಚಿನಲ್ಲಿ ಎಲ್ಲ ಕಾಣುತ್ತದೆ, ನೇರ ನೋಡಿದ ಕಡೆ ಮಾತ್ರ ಮಸಿ. ಸಿಗ್ನಲ್ಲಿನ ದೀಪವನ್ನು ನೋಡಿದಾಗ ದೀಪವೇ ಮಾಯವಾದ ದಿನ ಅವಳು ಕಾರನ್ನು ರಸ್ತೆಬದಿಗೆ ತಂದು ನಿಲ್ಲಿಸಿ, ಕಲಿಯುತ್ತಿದ್ದವನನ್ನು ಬಸ್ಸಿಗೆ ಹತ್ತಿಸಿ, ತಮ್ಮನನ್ನು ಕರೆಸಿ ಬೀಗದಕೈ ಅವನ ಅಂಗೈಗೆ ಹಾಕಿದಳು. ಅತ್ತದ್ದು ಮನೆಗೆ ಬಂದ ಮೇಲೆ, ಸ್ನಾನದ ಮನೆಯಲ್ಲಿ, ನಲ್ಲಿ ಬಿಟ್ಟುಕೊಂಡು. ಅವಳಿಗೆ ಹೋದದ್ದು ಕಣ್ಣಿಗಿಂತ ಹೆಚ್ಚಾಗಿ ಬೇಕೆಂದಾಗ ಹೊರಡುವ ಸುಖ. ಸೇತುವೆಯಾಚೆ ಒಂದು ಈಜುಕೊಳವಿತ್ತು, ದಿನ ಬೆಳಗ್ಗೆ ಅಲ್ಲಿ ಈಜುವುದು ಅವಳ ಬಹುಕಾಲದ ವಾಡಿಕೆ. ನೀರಿನಲ್ಲಿ ಈಗಲೂ ಅವಳಿಗೆ ಕಣ್ಣು ಬೇಕಿರಲಿಲ್ಲ, ನೀರಿನವರೆಗೆ ಹೋಗಲು ಮಾತ್ರ ಬೇಕಿತ್ತು. ನಾದಿನಿಗೆ ಪುರುಸೊತ್ತಿದೆಯೇ, ಪಕ್ಕದ ಮನೆಯವರು ಆ ಕಡೆ ಹೋಗುತ್ತಾರೆಯೇ ಎಂದು ಕೇಳಿ ಕೇಳಿ ಅವಳ ನಾಲಿಗೆ ಸವೆಯಿತು. ಜೀವಮಾನವೆಲ್ಲ ಬೇರೆಯವರನ್ನು ಸ್ವತಂತ್ರರನ್ನಾಗಿ ಮಾಡಿ ಕಳಿಸಿದವಳು ಈಗ ಜಗಲಿಯ ಮೇಲೆ ಟವೆಲು ಮಡಿಚಿಟ್ಟುಕೊಂಡು ಯಾರದೋ ಹಾರನ್ನಿಗೆ ಕಾಯುತ್ತಿದ್ದಳು.

"ಈ ಗಾಡೀನೇ ನಿನ್ನ ಕರ್ಕೊಂಡು ಹೋಗೋ ಹಾಗೆ ಮಾಡ್ತೀನಿ" ಎಂದ ಅವನು ಒಂದು ದಿನ, ಅವಳ ಹಳೆಯ ಕಾರಿನ ಬಾನೆಟ್ಟು ತಟ್ಟಿ. "ಯಾರನ್ನೂ ಕೇಳ್ಬೇಕಾಗಿಲ್ಲ."

"ಆದರೂ ಅನ್ನಲ್ವಾ?"

"ಇಲ್ಲ."

ಆ ಒಂದು "ಇಲ್ಲ"ವನ್ನು ಅಕ್ಕ ಸೆರಗಿನಲ್ಲಿ ಗಂಟು ಹಾಕಿಟ್ಟುಕೊಂಡಳು. ಅವನು ಕಾರನ್ನು ಪ್ರಯೋಗಾಲಯಕ್ಕೆ ಒಯ್ದು, ಮಾಡಿನ ಮೇಲೆ ಕ್ಯಾಮೆರಾ, ಮೂತಿಗೆ ದೂರ ಅಳೆಯುವ ಕಣ್ಣುಗಳು, ಹೊಟ್ಟೆಯೊಳಗೆ ಗಣಕಯಂತ್ರ ಎಲ್ಲ ತುಂಬಿದ. ಮಗು ದೊಡ್ಡವರನ್ನು ನೋಡಿ ಕಲಿಯುವಂತೆ, ಮನುಷ್ಯ ಓಡಿಸುವುದನ್ನು ಗಮನಿಸಿ ಗಮನಿಸಿ ಕಾರು ತಾನೇ ಓಡುವುದನ್ನು ಕಲಿಯಬೇಕು, ಇದು ಅವನ ಪದ್ಧತಿ. ಆ ಪಾಠಗಳಿಗೆ ಬೇರೆ ಯಾರನ್ನೂ ಅವನು ಕೂರಿಸಲಿಲ್ಲ. ಪ್ರಯೋಗಾಲಯದ ಹುಡುಗರ ಕಾಲು ಒರಟು, ಅಲ್ಲಿನ ನಿರ್ದೇಶಕಿಯದು ಆತುರದ ಕಾಲು. ಹಾಗಾಗಿ ಬಿಸಿಲಲ್ಲಿ, ಮಳೆಯಲ್ಲಿ, ಮಂಜಿನಲ್ಲಿ, ವರ್ಷಾನುಗಟ್ಟಲೆ ತಾನೊಬ್ಬನೇ ಆ ಕಾರನ್ನು ಊರ ತುಂಬ ಓಡಿಸಿದ. ಬರುವಾಗ ಹೋಗುವಾಗ ಅಕ್ಕನ ಮನೆಯ ಬೀದಿ ತಪ್ಪುತ್ತಿರಲಿಲ್ಲ.

ಕಾರು ಕಲಿಯಿತು. ಕಲಿತದ್ದನ್ನು ಎಲ್ಲರೂ ಒಪ್ಪಿದರು. ಅವನು ಮೀನಮೇಷ ಎಣಿಸಿದ. ಇಬ್ಬನಿಯಲ್ಲಿ ನೋಡಬೇಕು ಎಂದ, ನೋಡಿದರು. ಗಾಳಿಯಲ್ಲಿ ಹಾರುವ ಪ್ಲಾಸ್ಟಿಕ್ಕು ಚೀಲವನ್ನು ಕಂಡರೆ ಏನು ಮಾಡುತ್ತದೆ ಎಂದ, ಅದನ್ನೂ ಹಾರಿಸಿದರು. ಚೆಂಡಿನ ಹಿಂದೆ ಓಡಿಬರುವ ಮಕ್ಕಳ ಬೊಂಬೆ ಮಾಡಿಸಿ ಅಡ್ಡ ಎಸೆದರು, ಕಾರು ಪ್ರತಿ ಸಲವೂ ನಿಂತಿತು. ಕಟ್ಟಕಡೆಗೆ ಅವನ "ಆದರೂ"ಗಳೆಲ್ಲ ಮುಗಿದು ಒಂದೇ ಉಳಿಯಿತು, ಅದು ಮಾತ್ರ ನಿಜವಾದದ್ದು. ಅಕ್ಕನ ಮನೆಯ ಬೀದಿಯ ತಿರುವಿನಲ್ಲಿ, ಅವಳ ಗೇಟಿನೆದುರು, ಏನೂ ಇಲ್ಲದ ಬರಿದು ರಸ್ತೆಯಲ್ಲಿ ಕಾರು ಗಕ್ಕನೆ ಬ್ರೇಕು ಹಾಕುತ್ತಿತ್ತು.

ಗೇಟಿನ ಕಂಬಿಗಳ ದೋಷವೆಂದು ಗೇಟಿಗೆ ಬಟ್ಟೆ ಸುತ್ತಿದರು. ಮರದ ನೆರಳಿನ ದೋಷವೆಂದು ಕೊಂಬೆ ಕತ್ತರಿಸಿದರು. ಚರಂಡಿಯ ಮುಚ್ಚಳ ಬದಲಿಸಿದರು, ಎದುರುಮನೆಯವರ ಕಸದ ಡಬ್ಬವನ್ನು ಗಡೀಪಾರು ಮಾಡಿದರು, ಆ ಮನೆಯವರು ಮಾತು ಬಿಟ್ಟರು. ಕಾರು ಮಾತ್ರ ಅಲ್ಲಿಗೆ ಬಂದು ನಿಲ್ಲುತ್ತಲೇ ಇತ್ತು. ಅವನು ದಿನಗಟ್ಟಲೆ ಆ ಬೀದಿಯಲ್ಲಿ ಅತ್ತಿಂದಿತ್ತ ನಡೆದು, ಗಡ್ಡ ಬೆಳೆಸಿಕೊಂಡು, ತಲೆ ಕೆಡಿಸಿಕೊಂಡು, ಕಣ್ಣು ಕೆಂಪಾಗಿಸಿಕೊಂಡ. "ಇಲ್ಲದ್ದನ್ನ ಕಾಣೋ ಗಾಡೀಲಿ ನಿನ್ನ ಹೇಗೆ ಕೂರಿಸ್ಲಿ?" ಎಂದು ಅಕ್ಕನ ಮುಂದೆ ಒಮ್ಮೆ ಕೂಗಾಡಿಯೂಬಿಟ್ಟ. ಅಕ್ಕ ಒಳಗೇ ಕುದಿಯುತ್ತಾ ಟವೆಲಿನ ಅಂಚನ್ನು ತಿರುಚಿದಳು.

ಪ್ರಯೋಗಾಲಯದ ನಿರ್ದೇಶಕಿ ಖಡಕ್ಕು ಹೆಂಗಸು. ಅವರು ಅಕ್ಕನ ಮನೆಗೇ ಬಂದು ಇಬ್ಬರೆದುರೂ ಹೇಳಿದರು. "ಮೇಷ್ಟ್ರೇ, ಈ ತಿಂಗಳೊಳಗೆ ಗಾಡಿ ಒಬ್ಬ ಪ್ರಯಾಣಿಕರನ್ನ ಒಂಟಿಯಾಗಿ ಕರ್ಕೊಂಡು ಹೋಗ್ಬೇಕು. ಇಲ್ಲಾಂದ್ರೆ ಷೆಡ್ಡಿಗೆ ಹೋಗುತ್ತೆ. ನನ್ನ ಕೈಲಿ ಇನ್ನು ತಡೆಯೋಕಾಗಲ್ಲ."

ಅವರು ಹೊರಟ ಮೇಲೆ ಅಕ್ಕ ಎದ್ದಳು. "ನಡಿ, ನಾನೂ ಕೂತು ನೋಡ್ತೀನಿ."

"ಇನ್ನೂ ಸರಿಯಾಗಿಲ್ಲ ಅಕ್ಕಾ."

"ಸರಿ ಅನ್ನೋ ಮಾತು ನಿನ್ನ ಬಾಯಲ್ಲಿ ಬರೋ ಹೊತ್ತಿಗೆ ನನ್ನ ತಿಥಿ ಆಗಿರುತ್ತೆ. ನಡಿ."

ಆವರೆಗೆ ಅವನು ಅವಳನ್ನು ಆ ಕಾರಿಗೆ ಹತ್ತಿಸಿಯೇ ಇರಲಿಲ್ಲ. ಅವನು ಚಾಲಕನ ಜಾಗದಲ್ಲಿ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತ. ಅವಳು ತನ್ನ ಹಳೆಯ ಜಾಗದಲ್ಲಿ, ಗುರುವಿನ ಸೀಟಿನಲ್ಲಿ ಕೂತಳು. ಸೀಟಿನ ತಗ್ಗು ಇನ್ನೂ ಅವಳ ಅಳತೆಯದೇ. ಕಾರು ತಾನಾಗಿ ಹೊರಟಿತು. ವೇಗ ಹಿತವಾಗಿತ್ತು, ತಿರುವುಗಳು ಹದವಾಗಿದ್ದವು, ಅಕ್ಕ ಮೊಣಕೈಯನ್ನು ಕಿಟಕಿಗೆ ಏರಿಸಿ, ಪರವಾಗಿಲ್ಲ, ಪಾಸಾಗ್ತಾನೆ ಎಂದು ಮನಸ್ಸಿನಲ್ಲೇ ಅಂಕ ಹಾಕುತ್ತಿದ್ದಳು. ಊರು ಸುತ್ತಿ ಅವಳ ಬೀದಿಗೆ ಹೊರಳಿ ಗೇಟು ಹತ್ತಿರವಾಯಿತು. ಕಾರು ಬ್ರೇಕನ್ನು ಮೆಲ್ಲಗೆ ಮುಟ್ಟಿತು. ಬಿಟ್ಟಿತು. ಆಮೇಲೆ ಒಮ್ಮೆಗೇ ಒತ್ತಿ ನಿಂತಿತು.

ಅಕ್ಕ ಮೊಣಕೈಯನ್ನು ಕಿಟಕಿಯಿಂದ ಇಳಿಸಿದಳು. ಆಮೇಲೆ ನಗಲು ಶುರುಮಾಡಿದವಳು ಕಣ್ಣಲ್ಲಿ ನೀರು ಬರುವವರೆಗೂ ನಿಲ್ಲಿಸಲಿಲ್ಲ.

"ಅಯ್ಯೋ ದಡ್ಡ ಮುಂಡೇದೇ! ಇದು ನೀನು ಕಣೋ. ಇದು ನಿನ್ನ ಕಾಲು!"

"ಏನು?"

"ಬಾಗಿಲು ತಟ್ಟಿ ಒಳಗೆ ಬರೋದು ಈ ಪ್ರಪಂಚದಲ್ಲಿ ಇನ್ಯಾರು? ಗಾಡಿ ಏನೂ ಕಾಣ್ತಿಲ್ಲ ಇಲ್ಲಿ. ನೀನು ದಿನಾ ಇಲ್ಲಿ ಹಾಕ್ತಿದ್ದೆ. ಅದು ಕಲ್ತುಕೊಂಡಿದೆ, ಅಷ್ಟೇ."

ಅವನು ಸ್ಟಿಯರಿಂಗನ್ನು ನೋಡುತ್ತಾ ಕೂತ. ಗೇಟನ್ನು, ನೆರಳನ್ನು, ಕಸದ ಡಬ್ಬವನ್ನು ಶಂಕಿಸಿದ ಇಡೀ ಪಂಡಿತಮಂಡಲಿಗೆ ಕಾರಿಗೆ ಪಾಠ ಹೇಳಿದವನ ಕಾಲನ್ನು ಶಂಕಿಸಬೇಕೆಂದು ಹೊಳೆದಿರಲಿಲ್ಲ. ಕಾರು ಒಳ್ಳೆಯ ಶಿಷ್ಯ. ಗುರು ಮಾಡಿದ್ದನ್ನೆಲ್ಲ ಮಾಡಿತ್ತು.

"ಅಲ್ವೋ, ಇಲ್ಲೇ ಯಾಕೆ ಹಾಕ್ತಿದ್ದೆ?" ಎಂದಳು ಅಕ್ಕ ಕಣ್ಣೊರೆಸಿಕೊಳ್ಳುತ್ತಾ.

ಅವನ ಜೇಬಿನೊಳಗೆ ಬೆರಳುಗಳು ತಿರುಪುಗಳನ್ನು ಕದಡುವ ಸದ್ದು ಕೇಳಿಸಿತು. "ನೀನು ಹೊರಗೆ ಬಂದ್ಬಿಟ್ರೆ ಅಂತ" ಎಂದ ಕೊನೆಗೆ. "ಕಾಣದೆ ರಸ್ತೆಗೆ ಇಳಿದ್ಬಿಟ್ರೆ ಅಂತ."

ಅಕ್ಕನಿಗೆ ಮೊದಲು ಬಂದದ್ದು ಸಿಟ್ಟು. "ನಾನೇನು ಕರುವೇನೋ, ಗೇಟು ತೆಗೆದ ಕೂಡ್ಲೇ ನುಗ್ಗೋಕೆ?" ಎಂದು ಗದರಿದಳು. ಆಮೇಲೆ ಹೊಳೆಯಿತು. ಇಷ್ಟು ವರ್ಷ, ದಿನ ದಿನವೂ, ಜಗಲಿಯ ಮೇಲೆ ಕೂತು ತಾನು ಯಾರಿಗೂ ಬೇಡದವಳಾದೆನೆಂದು ಹಲುಬುತ್ತಿದ್ದಾಗ, ಗೋಡೆಯಾಚೆ ಒಬ್ಬ ಬಂದು, ಮುಟ್ಟಿ, ಬಿಟ್ಟು, ಒತ್ತಿ, ಅವಳು ಇಳಿದಿಲ್ಲವೆಂದು ಖಾತ್ರಿ ಮಾಡಿಕೊಂಡು ಹೋಗುತ್ತಿದ್ದ. ಆ ಸದ್ದನ್ನು ಅವಳು ಎಷ್ಟೋ ಸಲ ಕೇಳಿಯೂ ಇದ್ದಳು, ಯಾರೋ ಹೊಸಬರು ಕಲಿಯುತ್ತಿದ್ದಾರೆ ಅಂದುಕೊಂಡಿದ್ದಳು.

"ತೆಗೀತೀನಿ" ಎಂದ ಅವನು. "ಈ ಬೀದಿಯ ಪಾಠಗಳನ್ನೆಲ್ಲ ಅಳಿಸಿ ಬೇರೆಯವರ ಕೈಲಿ ಓಡಿಸ್ತೀನಿ. ನನ್ನ ಕಾಲನ್ನ ಅದರಿಂದ ತೆಗೀಬೇಕು." ಸ್ವಲ್ಪ ತಡೆದು ಗಲ್ಲ ಕೆರೆದುಕೊಂಡ. "ಆದರೂ… ನಿಜವಾಗ್ಲೂ ನೀನು ಯಾವತ್ತಾದ್ರೂ ಗೇಟಿಂದ ಇಳಿದ್ಬಿಟ್ರೆ?"

"ಎದುರಿಗೆ ಯಾರೇ ಬಂದ್ರೂ ಗಾಡಿ ನಿಲ್ಲುತ್ತಲ್ಲೋ. ಬೊಂಬೆ ಎಸೆದು ನೋಡಿದ್ದೀರಲ್ಲ."

"ಆದರೂ…"

"ನಾನು ಗಾಡಿ ಒಳಗಿರ್ತೀನಿ. ಗೇಟಿಂದ ಹೇಗೋ ಇಳೀಲಿ?"

ರೋಬಾಟು ಶಾಸ್ತ್ರದ ಹಿರಿಯ ಸಂಶೋಧಕ ಜೇಬಿನಿಂದ ಒಂದು ತಿರುಪು ತೆಗೆದು ಅದನ್ನು ತಿರುಗಿಸಿ ತಿರುಗಿಸಿ ಪರೀಕ್ಷಿಸತೊಡಗಿದ.

ತಿಂಗಳು ಮುಗಿಯುವ ಮುನ್ನ ಒಂದು ಬೆಳಗ್ಗೆ ಅಕ್ಕ ಟವೆಲು ಹೆಗಲಿಗೆ ಹಾಕಿಕೊಂಡು ಪ್ರಯೋಗಾಲಯದ ಅಂಗಳದಲ್ಲಿ ಕಾರು ಹತ್ತಿದಳು, ಒಬ್ಬಳೇ. ನಿರ್ದೇಶಕಿ ಬಾಗಿಲು ಹಾಕಿದರು. ಅವನು ಸೈಕಲ್ಲು ನಿಲ್ಲಿಸುವ ಕಂಬಕ್ಕೆ ಒರಗಿ ನಿಂತಿದ್ದ. ಹಿಂದೆ ಬರಬಾರದೆಂದು ಅಕ್ಕ ಆಣೆ ಹಾಕಿಸಿದ್ದಳು. ಕಾರು ಹೊರಟಾಗ ಅವನ ಬಲಗಾಲು ಕಲ್ಲುಹಾಸಿನ ಮೇಲೆ ಊರಿದ ಸದ್ದು ತೆರೆದ ಕಿಟಕಿಯಿಂದ ಅವಳಿಗೆ ಕೇಳಿಸಿತು. ಕಾರು ಅದಕ್ಕೆ ಕಿವಿಗೊಡಲಿಲ್ಲ.

ಕಾರು ಅಕ್ಕನ ಬೀದಿಗೆ ಹೊರಳಿತು. ಗೇಟಿನ ಬಳಿಯ ಸಂಪಿಗೆಯ ವಾಸನೆ ಒಳಗೆ ಬಂತು. ಆಗ ಒಂದು ವಿಚಿತ್ರ ನಡೆಯಿತು. ಅವಳು ಹಾಡು ಗುನುಗುತ್ತಿದ್ದ ಅಷ್ಟೂ ವರ್ಷ ಅಲುಗಾಡದೆ ಇದ್ದ ಅವಳದೇ ಕಾಲು ಮೆಲ್ಲಗೆ ಎದ್ದು, ಗುರುವಿನ ಬ್ರೇಕಿನ ಮೇಲೆ ತೂಗತೊಡಗಿತು. ಇಲ್ಲಿ ನಿಲ್ಲಬೇಕಿತ್ತಲ್ಲ, ಇಲ್ಲಿ ಯಾವಾಗಲೂ ಒಬ್ಬ ನಿಲ್ಲಿಸುತ್ತಿದ್ದನಲ್ಲ ಎಂದು ಆ ಕಾಲು ಕೇಳುವಂತಿತ್ತು. ಅಕ್ಕ ಚಪ್ಪಲಿ ಕಳಚಿ, ಎರಡೂ ಕಾಲನ್ನು ಸೀಟಿನ ಮೇಲೆಳೆದುಕೊಂಡು ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಳು. ಕಾರು ಗೇಟನ್ನು ದಾಟಿತು. ದಾಟಿದ್ದು ಅವಳಿಗೆ ಸುಖವಾಯಿತು, ಅಷ್ಟೇ ಸಂಕಟವೂ ಆಯಿತು. ಸೇತುವೆಯ ಗಾಳಿ ಮುಖಕ್ಕೆ ಬಡಿದಾಗ ಮಾತ್ರ ಬಾಯಲ್ಲಿ ಹಾಡು ಬಂತು.

ಈಜುಕೊಳದ ಮೆಟ್ಟಿಲಲ್ಲಿ ಇಳಿದು ಕಂಬಿ ಹಿಡಿದು ನಿಂತಳು. ಯಾರನ್ನೂ ಕೇಳದೆ ಬಂದಿದ್ದಳು. ಅಷ್ಟರಲ್ಲಿ ಹಿಂದಿನಿಂದ ಸೈಕಲ್ಲಿನ ಕಿರುಗುಟ್ಟುವಿಕೆ, ಏದುಸಿರು, ಅದರ ಮೇಲೆ ಆ ಕೋಟಿನ ಗಲಗಲ.

"ಬರಲ್ಲ ಅಂತ ಆಣೆ ಮಾಡಿದ್ಯಲ್ಲೋ!"

"ಹೂಂ" ಎಂದ ಅವನು, ಉಸಿರು ಸಿಗದೆ. "ಆದರೂ…"

ಆ ಪದವನ್ನು ಅವಳು ಅಷ್ಟು ವರ್ಷಗಳಿಂದ ಅನುಮಾನವೆಂದೇ ಕೇಳಿಸಿಕೊಂಡಿದ್ದಳು. ಈ ಸಲ ಬೇರೆಯಾಗಿ ಕೇಳಿಸಿತು. ಟವೆಲಿನ ಒಂದು ತುದಿಯನ್ನು ಅವನತ್ತ ಎಸೆದು, ಬೆವರೊರೆಸಿಕೋ ಎಂದಳು.

ಕಾರು ಷೆಡ್ಡಿಗೆ ಹೋಗಲಿಲ್ಲ. ಅಂಥ ಕಾರುಗಳನ್ನು ಇನ್ನು ಮುಂದೆ ಬೇರೆಯವರೂ ಕಟ್ಟುತ್ತಾರೆ, ಬೇಗ ಕಟ್ಟುತ್ತಾರೆ, "ಸಾಕು" ಎಂದು ಕೈ ತೊಳೆದುಕೊಳ್ಳುತ್ತಾರೆ. ಲೋಕ ನಡೆಯುವುದು ಅವರಿಂದಲೇ, ಅವರನ್ನು ಹಳಿಯುವಂತಿಲ್ಲ. ಆದರೆ ಇಲ್ಲದ ಬ್ರೇಕನ್ನು ಒತ್ತುವ ಈ ಇನ್ನೊಂದು ಕುಲವೂ ನಮ್ಮ ನಡುವೆ ಇದೆ. ಮೀನಮೇಷದವರೆಂದು, ಪುಕ್ಕಲರೆಂದು ನಾವು ಬೈಯುವ, ಕೂತಲ್ಲಿ ಕೂರದ, ಉಣ್ಣಲು ಬಿಡುವಿಲ್ಲದ ಜನ. ತಾಯಂದಿರಲ್ಲಿ ಇಂಥವರಿದ್ದಾರೆ, ಮೇಷ್ಟ್ರುಗಳಲ್ಲಿ ಇದ್ದಾರೆ, ಯಂತ್ರ ಕಟ್ಟುವವರಲ್ಲಿಯೂ ಇರುತ್ತಾರೆಂದು ನಮಗೆ ತಿಳಿದಿರಲಿಲ್ಲ, ಅಷ್ಟೇ. ನಾವು ಒಬ್ಬರೇ ಹೊರಡಲೆಂದು ಅವರು ಜೀವ ತೇಯುತ್ತಾರೆ, ನಾವು ಹೊರಟ ದಿನ ಕಳಿಸಿಕೊಡಲು ಮಾತ್ರ ಅವರಿಂದ ಆಗುವುದಿಲ್ಲ. ಅಕ್ಕ ಈಗ ದಿನ ಬೆಳಗ್ಗೆ ಒಬ್ಬಳೇ ಈಜಲು ಹೋಗುತ್ತಾಳೆ. ಸೇತುವೆಯ ಮೇಲೆ ಹಿಂದಿನಿಂದ ಸೈಕಲ್ಲಿನ ಮೇಲೆ ಆ ಕೋಟಿನ ಗಲಗಲ ಕೇಳಿಸುತ್ತದೆ, ಅವಳು ಕೇಳಿಸದವಳಂತೆ ಕಾಲು ಮಡಿಚಿ ಕೂತಿರುತ್ತಾಳೆ.